ಎರಡನೆಯ ಕುರ್ಚಿಯಲ್ಲಿ ನಲವತ್ತು ವರ್ಷ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ಮಾತು ಬಂದರೆ ಕನೆಟಿಕಟ್ ವಿಶ್ವವಿದ್ಯಾಲಯದ ತಂಡದ ಹೆಸರು ಬಂದೇ ಬರುತ್ತದೆ. ಅದರ ಬೆನ್ನಿಗೆ ಮುಖ್ಯ ಕೋಚ್ ಜೀನೊ ಆರಿಯೆಮಾ ಅವರ ಹೆಸರು. ಇವತ್ತು ನಾನು ಹೇಳಹೊರಟಿರುವುದು 1985ರಿಂದ ಅವರ ಪಕ್ಕದಲ್ಲೇ ಕೂತಿರುವ ಸಹಾಯಕಿ ಕ್ರಿಸ್ ಡೇಲಿ ಅವರ ವಿಷಯ.

ನಮ್ಮಲ್ಲಿ ಎಷ್ಟೋ ಕಾಲೇಜುಗಳಲ್ಲಿ ಒಬ್ಬರೇ ಪಿ.ಡಿ. ಕಬಡ್ಡಿ, ವಾಲಿಬಾಲ್, ಓಟ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಬ್ಯಾಸ್ಕೆಟ್‌ಬಾಲ್ ತಂಡವೊಂದಕ್ಕೇ ಮುಖ್ಯ ಕೋಚ್, ಅವರ ಕೈಕೆಳಗೆ ಮೂರ್ನಾಲ್ಕು ಸಹಾಯಕರು. ಶಾಲೆಗಳಲ್ಲಿ ಆಡುವ ಹುಡುಗಿಯರನ್ನು ಹುಡುಕಿ ಹೋಗುವುದು, ಅವರ ತಂದೆತಾಯಿಯ ಹತ್ತಿರ ಮಾತಾಡಿ ಒಪ್ಪಿಸುವುದು, ಎದುರಾಳಿಯ ಹಳೆಯ ಪಂದ್ಯಗಳ ವಿಡಿಯೊ ನೋಡಿ ಅವರ ಆಟದ ಗುಟ್ಟು ಬಿಡಿಸುವುದು, ಅಭ್ಯಾಸದಲ್ಲಿ ಒಬ್ಬೊಬ್ಬರನ್ನೇ ತಿದ್ದುವುದು, ಮನೆ ಬಿಟ್ಟು ಬಂದ ಹದಿನೆಂಟರ ಹುಡುಗಿ ಕಂಗೆಟ್ಟಾಗ ಜೊತೆಗೆ ನಿಲ್ಲುವುದು, ಇದೆಲ್ಲ ಸಹಾಯಕರ ಪಾಲಿನದು. ಗೆಲುವು ಸೋಲು ಮಾತ್ರ ಮುಖ್ಯ ಕೋಚ್ ಹೆಸರಿಗೇ ಬರೆಯಲ್ಪಡುತ್ತದೆ.

ಡೇಲಿ ಸ್ವತಃ ಒಳ್ಳೆಯ ಆಟಗಾರ್ತಿ. 1982ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ತಂಡ ಫಿಲಡೆಲ್ಫಿಯಾದಲ್ಲಿ ಟೆಕ್ಸಸ್ ತಂಡವನ್ನು ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಅವರು ಆ ತಂಡದಲ್ಲಿದ್ದರು. ಮಹಿಳಾ ಕ್ರೀಡೆಯನ್ನು ಅಲ್ಲಿಯವರೆಗೆ ಸಾಕಿ ಬೆಳೆಸಿದ್ದ ಎ.ಐ.ಎ.ಡಬ್ಲ್ಯು. ಸಂಸ್ಥೆ ನಡೆಸಿದ ಕೊನೆಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಅದು. ಅದೇ ವರ್ಷ ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್.ಸಿ.ಎ.ಎ. ತನ್ನ ಮೊದಲ ಮಹಿಳಾ ಪಂದ್ಯಾವಳಿ ನಡೆಸಿತ್ತು. ಒಂದು ಯುಗ ಮುಗಿದು ಇನ್ನೊಂದು ಶುರುವಾಗುವ ಹೊತ್ತಿನಲ್ಲಿ ಡೇಲಿ ಕೋಚಿಂಗಿಗೆ ಕಾಲಿಟ್ಟರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಆಮೇಲೆ ರಟ್ಗರ್ಸ್‌ನಲ್ಲೇ ಸಹಾಯಕಿಯಾಗಿ ದುಡಿದು ಕನೆಟಿಕಟ್‌ಗೆ ಬಂದರು.

ಬಂದು ನೋಡಿದರೆ ಅಲ್ಲಿ ಏನಿತ್ತು? ಸ್ಟೋರ್ಸ್ ಎಂಬ ಹಳ್ಳಿಗಾಡಿನ ಊರು, ಸೋರುವ ಹಳೆಯ ಕ್ರೀಡಾಂಗಣ. ಮೊದಲ ವರ್ಷ 12 ಗೆಲುವು, 15 ಸೋಲು. ಆದರೆ ಆರೇ ವರ್ಷದಲ್ಲಿ, 1991ರಲ್ಲಿ, ತಂಡ ಕೊನೆಯ ನಾಲ್ಕರ ಘಟ್ಟ ಮುಟ್ಟಿತು. 1995ರಲ್ಲಿ ಆಡಿದ 35 ಪಂದ್ಯಗಳನ್ನೂ ಗೆದ್ದು ಮೊದಲ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಮುಂದಿನ ಕಥೆ ಕ್ರೀಡಾಸಕ್ತರಿಗೆ ಗೊತ್ತೇ ಇದೆ: ಸೂ ಬರ್ಡ್, ಡಯಾನಾ ಟೊರಾಸಿ, ಮಾಯಾ ಮೂರ್ ಅವರಂಥ ಆಟಗಾರ್ತಿಯರು, ಸಾಲು ಸಾಲು ಪ್ರಶಸ್ತಿಗಳು.

ಇಷ್ಟು ಗೆದ್ದ ಸಹಾಯಕಿಗೆ ಮುಖ್ಯ ಕೋಚ್ ಹುದ್ದೆ ದೊಡ್ಡ ಮಾತಾಗಿರಲಿಲ್ಲ. ಆ ವೃತ್ತಿಯಲ್ಲಿ ಸಹಾಯಕರ ಕುರ್ಚಿಯನ್ನು ಮೇಲೇರುವ ಮೆಟ್ಟಿಲೆಂದೇ ಎಣಿಸುತ್ತಾರೆ. ಟೆನೆಸಿ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಪ್ಯಾಟ್ ಸಮಿಟ್ ಅವರಿಗೆ ಸಹಾಯಕಿಯಾಗಿ ಅದೇ 1985ರಲ್ಲಿ ಸೇರಿದ ಮಿಕಿ ಡಿಮಾಸ್ 2003ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆಗಿ ಹೋದರು. ಅದರಲ್ಲಿ ತಪ್ಪೇನೂ ಇಲ್ಲ. ಡೇಲಿ ಮಾತ್ರ ಉಳಿದರು. ಆ ಉಳಿಯುವಿಕೆಯನ್ನು ಮಹತ್ವಾಕಾಂಕ್ಷೆ ಇಲ್ಲದ್ದು ಎನ್ನುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಆಟಗಾರ್ತಿಯರು ನಾಲ್ಕು ವರ್ಷಕ್ಕೆ ಓದು ಮುಗಿಸಿ ಹೊರಡುತ್ತಾರೆ, ಉಳಿದ ಸಹಾಯಕರೂ ಬದಲಾಗುತ್ತಾರೆ. ತಂಡದ ನಡವಳಿಕೆ, ಶಿಸ್ತು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಕೆಡದೆ ದಾಟಬೇಕಾದರೆ ಯಾರಾದರೂ ಅಲ್ಲೇ ಇರಬೇಕು. ಡೇಲಿ ಆರಿಸಿಕೊಂಡ ಕೆಲಸ ಅದು, ಅದು ಪೂರ್ಣಾವಧಿಯ ಕೆಲಸ. 2018ರಲ್ಲಿ ನಾಕ್ಸ್‌ವಿಲ್‌ನ ಮಹಿಳಾ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಡೇಲಿ, ಡಿಮಾಸ್ ಇಬ್ಬರನ್ನೂ ಒಟ್ಟಿಗೇ ಗೌರವಿಸಿದ್ದು ನನಗೆ ತುಂಬ ಹಿಡಿಸಿದ ಸಂಗತಿ.

ಅವರಿಗೆ ತಂಡ ನಡೆಸಲು ಬರುತ್ತಿತ್ತೇ ಎಂದು ಕೇಳುವವರಿಗೆ 2021ರ ಉತ್ತರ ಇದೆ. ಎನ್.ಸಿ.ಎ.ಎ. ಪಂದ್ಯಾವಳಿ ಶುರುವಾಗುವ ಹೊತ್ತಿಗೆ ಆರಿಯೆಮಾ ಅವರಿಗೆ ಕೋವಿಡ್ ತಗುಲಿತು. ಸ್ಯಾನ್ ಆಂಟೋನಿಯೊದಲ್ಲಿ ಮೊದಲ ಎರಡು ಪಂದ್ಯಗಳಿಗೆ ಡೇಲಿಯವರೇ ತಂಡ ಇಳಿಸಿದರು. ಹೈ ಪಾಯಿಂಟ್ ವಿಶ್ವವಿದ್ಯಾಲಯದ ತಂಡದ ಮೇಲೆ 102-59, ಸಿರಾಕ್ಯೂಸ್ ತಂಡದ ಮೇಲೆ 83-47ರ ಗೆಲುವು. ಆಮೇಲೆ ಆರಿಯೆಮಾ ಮರಳಿದರು, ಡೇಲಿ ತಮ್ಮ ಜಾಗಕ್ಕೆ ಹೋಗಿ ಕೂತರು.

2024ರ ನವೆಂಬರ್ 20ರಂದು ಆರಿಯೆಮಾ 1,217ನೆಯ ಗೆಲುವಿನೊಂದಿಗೆ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದ ಕೋಚ್ ಆದರು. ಆ ರಾತ್ರಿ ವಿಶ್ವವಿದ್ಯಾಲಯ ಸನ್ಮಾನ ಇಟ್ಟುಕೊಂಡಿದ್ದು ಇಬ್ಬರಿಗೂ, ಇಬ್ಬರ ನಲವತ್ತು ವರ್ಷಕ್ಕೂ. ಹಳೆಯ ಆಟಗಾರ್ತಿಯರು ಎಲ್ಲೆಲ್ಲಿಂದಲೋ ಬಂದಿದ್ದರು. ಮರುವರ್ಷದ ಏಪ್ರಿಲ್‌ನಲ್ಲಿ ಟ್ಯಾಂಪಾದಲ್ಲಿ ಸೌತ್ ಕ್ಯಾರೊಲೈನಾವನ್ನು 82-59ರಿಂದ ಮಣಿಸಿ ತಂಡ ಹನ್ನೆರಡನೆಯ ಪ್ರಶಸ್ತಿ ಎತ್ತಿತು. ಆ ಹನ್ನೆರಡೂ ಪ್ರಶಸ್ತಿಗಳು ಬಂದಾಗ ತಂಡದ ಬೆಂಚಿನಲ್ಲಿದ್ದ ಕೋಚ್‌ಗಳು ಇಬ್ಬರೇ, ಅವರಲ್ಲಿ ಒಬ್ಬರು ಕ್ರಿಸ್ ಡೇಲಿ.

ನಮಸ್ಕಾರ.