ಗಾಯ ಫಿಲ್ಮಿಗೋ, ಬಣ್ಣಕ್ಕೋ?

ಕೇಳುಗರಿಗೆ ನಮಸ್ಕಾರ.

ಹೆದ್ದಾರಿಯಲ್ಲಿ ಮುಂದಿನ ಲಾರಿಯ ಚಕ್ರದಡಿಯಿಂದ ಏನೋ ಸಿಡಿದು ‘ಟಣ್’ ಎಂದು ಕಾರಿಗೆ ಬಡಿಯುತ್ತದಲ್ಲ, ಆ ಏಟು ಬೀಳುವುದು ಬಾನೆಟ್ಟಿಗಾದರೂ ಕೇಳಿಸುವುದು ನಮ್ಮ ಎದೆಯಲ್ಲಿ. ನನ್ನ ಕಾರಿಗೆ ಬಡಿದದ್ದು ಕಲ್ಲಲ್ಲ, ಯಾವುದೋ ಲಾರಿಯ ಟೈರಿನಿಂದ ಕಿತ್ತುಬಂದ ರಬ್ಬರ್ ಪಟ್ಟಿ. ಪಕ್ಕಕ್ಕೆ ನಿಲ್ಲಿಸಿ ಇಳಿದು ನೋಡಿದೆ. ಬಾನೆಟ್ಟಿನ ಮೇಲೆ ಒಂದು ಗೇಣು ಕಪ್ಪು ಗೆರೆ, ಅದರ ತುದಿಯಲ್ಲಿ ಸಣ್ಣದೊಂದು ಸೀಳು. ಬಣ್ಣ ಕಾಪಾಡಲೆಂದು ಅಂಟಿಸಿದ್ದ ಪಾರದರ್ಶಕ ಫಿಲ್ಮು, ಎಲ್ಲರೂ ಪಿಪಿಎಫ್ ಅನ್ನುತ್ತಾರಲ್ಲ ಅದು, ಅಲ್ಲಿ ಕಿವಿಯ ಹಾಗೆ ಮೇಲೆದ್ದಿತ್ತು. ಹಿಡಿದು ಎಳೆಯೋಣ ಅಂತ ಬೆರಳು ತವಕಿಸಿತು. ಎಳೆಯಲಿಲ್ಲ. ಆವತ್ತು ನಾನು ಮಾಡಿದ ಒಂದೇ ಜಾಣತನ ಅದು.

ಈ ಫಿಲ್ಮಿನ ಹುಟ್ಟು ಕಾರಿನಲ್ಲಿ ಆದದ್ದಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಹೆಲಿಕಾಪ್ಟರ್ ರೆಕ್ಕೆಗಳು ಮರಳು, ಕಲ್ಲುಚೂರುಗಳ ಏಟಿಗೆ ಸವೆಯುತ್ತಿದ್ದವು. ಅವಕ್ಕೆ ಹೊದಿಸಿದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಹೊದಿಕೆಯ ವಂಶದ್ದೇ ಇದು. ಈಗ ಕಾರಿಗೆ ಬಳಸುವುದರ ದಪ್ಪ ಸುಮಾರು 150ರಿಂದ 200 ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕಾರ್ಖಾನೆಯಲ್ಲಿ ಕಾರಿಗೆ ಬಳಿಯುವ ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಲೇಪವಾದ ಕ್ಲಿಯರ್ ಕೋಟ್ ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅಂದರೆ ಅಂಗಿಗಿಂತ ಹೊದಿಕೆಯೇ ದಪ್ಪ. ಫಿಲ್ಮು ಗಟ್ಟಿಯಾಗಿರುವುದರಿಂದ ಕಾಪಾಡುತ್ತದೆ ಅಂತ ನಾನು ತಿಳಿದಿದ್ದೆ. ಹಾಗಲ್ಲ, ಅದು ಮೆತ್ತಗಿರುವುದರಿಂದ ಕಾಪಾಡುತ್ತದೆ. ಕಲ್ಲು ಬಿದ್ದಾಗ ತಗ್ಗಿ, ಏಟನ್ನು ಸುತ್ತಲಿಗೆ ಹಂಚಿ, ಮತ್ತೆ ಮೇಲೇಳುತ್ತದೆ. ಆದರೆ ವೇಗ ಎರಡು ಪಟ್ಟಾದರೆ ಏಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಜಲ್ಲಿ ತುಂಬಿದ ಟಿಪ್ಪರಿನ ಬೆನ್ನಿಗೆ ಅಂಟಿಕೊಂಡು ಹೋಗುವವರು ಫಿಲ್ಮನ್ನು ನಂಬಿ ಕೂರಬಾರದು.

ಈಗ ಗಾಯದ ವಿಷಯ. ಕಪ್ಪು ಗೆರೆ ಕಂಡ ಕೂಡಲೇ ಬಟ್ಟೆ ತೆಗೆದು ಉಜ್ಜಬೇಡಿ. ಮೇಲೆ ಕೂತ ದೂಳೇ ಉಪ್ಪುಕಾಗದದಂತೆ ಕೆಲಸ ಮಾಡಿ ಹೊಸ ಗೀರು ಎಬ್ಬಿಸುತ್ತದೆ. ಮೊದಲು ನೀರು ಹರಿಸಿ, ಕಾರು ತೊಳೆಯುವ ಶಾಂಪೂ ಹಾಕಿ ತೊಳೆಯಿರಿ. ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ನನ್ನ ಗೇಣುದ್ದದ ಗೆರೆ ಗಾಯವೇ ಆಗಿರಲಿಲ್ಲ, ಟೈರು ಬಿಟ್ಟುಹೋದ ರಬ್ಬರು. ಫಿಲ್ಮಿಗೆ ಬಳಸಬಹುದು ಎಂದು ಬರೆದಿರುವ, ಡಾಂಬರು ತೆಗೆಯುವ ದ್ರಾವಣವನ್ನು ಮೊದಲು ಮೂಲೆಯಲ್ಲಿ ಪರೀಕ್ಷಿಸಿ, ಮೆತ್ತನೆಯ ಮೈಕ್ರೊಫೈಬರ್ ಬಟ್ಟೆಯಲ್ಲಿ ಒರೆಸಿದೆ. ಹೋಯಿತು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು. ಪೆಟ್ರೋಲು, ಥಿನ್ನರ್ ಮಾತ್ರ ಹತ್ತಿರ ತರಬೇಡಿ. ಅವು ಕಲೆಯ ಜೊತೆಗೆ ಫಿಲ್ಮಿನ ಮೇಲ್ಪದರವನ್ನೂ ಕೆಡಿಸುತ್ತವೆ.

ತೊಳೆದ ಮೇಲೂ ಉಳಿದ ಗೀರಿನ ಮೇಲೆ ಉಗುರು ಆಡಿಸಿ. ತಡೆಯದೆ ಜಾರಿದರೆ ಗಾಯ ಮೇಲ್ಪದರದಲ್ಲಷ್ಟೇ ಇದೆ. ಬಿಸಿಲಿಗೆ ನಿಲ್ಲಿಸಿ, ಅಥವಾ ಕೈಗೆ ತಾಳುವಷ್ಟು ಬಿಸಿನೀರು ಹೊಯ್ಯಿರಿ. ಒಳ್ಳೆಯ ಫಿಲ್ಮಾದರೆ ಬೆಚ್ಚಗಾದಾಗ ಮೇಲ್ಪದರ ತಾನೇ ಕೂಡಿಕೊಳ್ಳುತ್ತದೆ. ‘ತಾನೇ ವಾಸಿಯಾಗುತ್ತದೆ’ ಎಂಬ ಜಾಹೀರಾತಿನ ಮಾತು ನಿಜವಾಗುವುದು ಇಷ್ಟಕ್ಕೆ ಮಾತ್ರ. ಉಗುರು ಸಿಕ್ಕಿಕೊಳ್ಳುವ ಸೀಳನ್ನು, ತೂತನ್ನು ಯಾವ ಬಿಸಿಲೂ ಹೊಲಿಯುವುದಿಲ್ಲ.

ಇನ್ನೊಂದು ಮೋಸವಿದೆ. ಫಿಲ್ಮು ಹರಿಯದೆಯೂ ಕೆಳಗಿನ ಬಣ್ಣ ಚಕ್ಕೆಯೇಳಬಹುದು. ಮೇಲಿನಿಂದ ಬಿಳಿ ಚುಕ್ಕೆ ಕಾಣುತ್ತದೆ. ಅದು ಫಿಲ್ಮು ಜಜ್ಜಿದ ಗುರುತೋ ಬಣ್ಣ ಹೋದ ಗುರುತೋ ಎಂದು ಫಿಲ್ಮು ತೆಗೆಯುವವರೆಗೆ ಖಚಿತವಾಗಿ ಹೇಳಲಾಗದು. ಅದು ಮುಚ್ಚಿಯೇ ಇರುವವರೆಗೆ ಅವಸರವಿಲ್ಲ. ಅವಸರ ಇರುವುದು ಬಾಯಿ ತೆರೆದ ಸೀಳಿಗೆ. ಅದರೊಳಗೆ ನೀರು, ದೂಳು ಸೇರಿ ಅಂಟು ಕೊಳೆಯಾಗಿ ಅಂಚು ಇನ್ನಷ್ಟು ಏಳುತ್ತದೆ. ಕೆಳಗೆ ಉಕ್ಕು ಕಾಣುತ್ತಿದ್ದರೆ ತುಕ್ಕು ಶುರು. ಬಂಪರು ಪ್ಲಾಸ್ಟಿಕ್ಕಿನದು, ತುಕ್ಕು ಹಿಡಿಯುವುದಿಲ್ಲ, ಅದು ಕಾಯಬಹುದು. ಉಕ್ಕಿನ ಬಾನೆಟ್ಟು ಕಾಯಲಾರದು. ರಿಪೇರಿಯ ದಿನ ಬರುವವರೆಗೆ ಸೀಳನ್ನು ಒರೆಸಿ, ಪೂರ್ತಿ ಒಣಗಿಸಿ, ಮೇಲೊಂದು ತುಂಡು ಪಾರದರ್ಶಕ ಟೇಪು ಅಂಟಿಸಿದರೆ ಸಾಕು. ಜೋರಾಗಿ ನೀರು ಚಿಮ್ಮಿಸುವ ಪ್ರೆಷರ್ ವಾಷರನ್ನು ಅತ್ತ ತಿರುಗಿಸಬೇಡಿ.

ಎದ್ದ ಅಂಚನ್ನು ನಾನು ಎಳೆಯಲಿಲ್ಲ ಅಂದೆನಲ್ಲ, ಕಾರಣ ಇದು. ಫಿಲ್ಮನ್ನು ಬೆಚ್ಚಗೆ ಮಾಡಿ, ಮಡಚಿದಂತೆ ಹಿಂದಕ್ಕೆ ಓರೆಯಾಗಿ, ಇಷ್ಟಿಷ್ಟೇ ಎಳೆಯಬೇಕು. ತಣ್ಣಗಿರುವಾಗ ನೇರ ಮೇಲಕ್ಕೆ ಕಿತ್ತರೆ ಅಂಟು ಉಳಿಯುತ್ತದೆ, ಇಲ್ಲವೇ ಬಣ್ಣವೂ ಜೊತೆಗೆ ಬರುತ್ತದೆ. ಅದರಲ್ಲೂ ಆ ಭಾಗಕ್ಕೆ ಹಿಂದೆ ಎಲ್ಲೋ ಮರುಬಣ್ಣ ಹೊಡೆಸಿದ್ದರೆ ಅಪಾಯ ಹೆಚ್ಚು. ಫಿಲ್ಮು ತೆಗೆಯುವವರಿಗೆ ಅದನ್ನು ಮುಚ್ಚಿಡದೆ ಹೇಳಿ.

ತೇಪೆ ಹಾಕಬಹುದೇ? ಹಾಕಬಹುದು, ಆದರೆ ಗೆರೆ ಕಾಣುತ್ತದೆ. ಬಂಪರಿನ ಕೆಳಭಾಗಕ್ಕೆ ನಾನಾದರೆ ತೇಪೆಯನ್ನೇ ಒಪ್ಪಿಕೊಳ್ಳುತ್ತೇನೆ. ಬಾನೆಟ್ಟಿಗೆ ಮಾತ್ರ ಆ ಒಂದು ಭಾಗದ ಫಿಲ್ಮನ್ನು ಪೂರ್ತಿ ಬದಲಿಸುವುದೇ ಸರಿ. ಇಡೀ ಕಾರಿನದ್ದು ತೆಗೆಯಬೇಕಾಗಿಲ್ಲ. ಭಾಗಕ್ಕೆ ಪೂರ್ತಿ ಹೊಸ ಬಣ್ಣ ಹೊಡೆಸಿದರೆ ಅದರೊಳಗಿನ ದ್ರಾವಕ ಆರಿಹೋಗಲು ಕೆಲವು ವಾರ ಬಿಟ್ಟೇ ಫಿಲ್ಮು ಹಾಕಿಸಬೇಕು.

ವಾರಂಟಿ ಕಾಗದವನ್ನು ನಾನು ಆಸೆಯಿಂದಲೇ ಬಿಚ್ಚಿದ್ದೆ. ಫಿಲ್ಮು ಹಳದಿಯಾದರೆ, ಬಿರುಕುಬಿಟ್ಟರೆ, ತಾನಾಗಿ ಏಳುತ್ತ ಬಂದರೆ ಹೊಣೆ ಅವರದ್ದು. ಕಲ್ಲಿನ ಏಟು ನಮ್ಮದು. ಬಹುತೇಕ ವಾರಂಟಿಗಳು ಇರುವುದೇ ಹಾಗೆ. ವಿಮೆಯ ಪಾಲಿಸಿಯಲ್ಲಿ ಫಿಲ್ಮು ಸೇರಿದೆಯೇ ಎಂದು ಏಟು ಬೀಳುವ ಮೊದಲೇ ನೋಡಿಟ್ಟುಕೊಳ್ಳಿ. ಏಟು ಬಿದ್ದರೆ, ತೊಳೆಯುವ ಮುಂಚೆ ಒಂದು, ತೊಳೆದ ಮೇಲೆ ಒಂದು ಫೋಟೊ ತೆಗೆದಿಡಿ.

ನನ್ನ ಬಾನೆಟ್ಟಿನ ಫಿಲ್ಮು ತೆಗೆದಾಗ ಕೆಳಗೆ ಸಿಕ್ಕದ್ದು ಸಾಸಿವೆ ಕಾಳಿನಷ್ಟು ಚಕ್ಕೆ. ಟಚ್ ಅಪ್ ಬಣ್ಣ ಮುಟ್ಟಿಸಿ, ಅದು ಚೆನ್ನಾಗಿ ಒಣಗಿದ ಮೇಲೆ ಹೊಸ ಫಿಲ್ಮು ಹಾಕಿಸಿದೆ. ಬಂಪರಿನ ಫಿಲ್ಮಿನಲ್ಲೂ ಹತ್ತಾರು ಸಣ್ಣ ಗುಳಿಗಳಿವೆ. ಅವನ್ನು ಹಾಗೇ ಬಿಟ್ಟಿದ್ದೇನೆ. ಕಂಡವರು ಕೇಳುತ್ತಾರೆ, ಏನ್ರೀ ಇದು, ಸಿಡುಬು ಬಂದ ಹಾಗಿದೆಯಲ್ಲ ಅಂತ. ಅದು ಬಣ್ಣಕ್ಕೆ ಬರಬೇಕಾದದ್ದು ಅಂತ ಹೇಳಿ ಮುಂದೆ ಹೋಗುತ್ತೇನೆ.

ನಮಸ್ಕಾರ.