ಮುತ್ತಜ್ಜನ ಲ್ಯಾಟಿನ್ ಕಾಗದ

ಕೇಳುಗರಿಗೆ ನಮಸ್ಕಾರ.

ಎರಡು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ಜರ್ಮನಿಗೆ ಹೋಗಿದ್ದೆ. ಅಳಿಯ ಅಲ್ಲಿಯವರೇ. ಹುಟ್ಟಿದ ಮೊಮ್ಮಗಳಿಗಾಗಿ ಒಂದು ವಂಶವೃಕ್ಷ ಬರೆದಿಡಬೇಕು ಅಂತ ನಮ್ಮ ಬೀಗಿತ್ತಿಗೆ ಬಹಳ ಆಸೆ. ನಮ್ಮ ಮನೆತನದ ಹೆಸರುಗಳನ್ನು ನಾನು ಬಾಯಲ್ಲೇ ಹೇಳಿ ಬರೆಸಿದೆ. ಅವರ ಮನೆತನದ್ದು ಮುತ್ತಜ್ಜನವರೆಗೆ ಬಂದು ನಿಂತುಬಿಟ್ಟಿತು. ಆತನ ತಂದೆತಾಯಿ ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಮುತ್ತಜ್ಜ 1860ರ ದಶಕದಲ್ಲಿ ಬರ್ಲಿನ್ನಿನಲ್ಲಿ ಓದಿ ವೈದ್ಯರಾದವರು. ಆತನ ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಪೂರ್ತಿ ಲ್ಯಾಟಿನ್. ಮೇಲ್ಗಡೆ ದಪ್ಪ ಅಕ್ಷರದಲ್ಲಿ 'ಗುಯಿಲೆಲ್ಮಿ' ಎಂದು ಅಚ್ಚಾಗಿತ್ತು. ಗುಯಿಲೆಲ್ಮುಸ್ ಅಂದರೆ ವಿಲ್ಹೆಲ್ಮ್. ಹಾಗಾಗಿ ಮುತ್ತಜ್ಜನಿಗೆ ಆ ಹೆಸರೂ ಇತ್ತು ಅಂತ ಮನೆಯವರೆಲ್ಲ ನಂಬಿದ್ದರು. ಒಬ್ಬ ಮಗನಿಗೆ ಅದನ್ನೇ ಇಟ್ಟಿದ್ದರು ಕೂಡ.

ಕೊನೆಗೆ ಅದೇ ಬೀದಿಯಲ್ಲಿದ್ದ ನಿವೃತ್ತ ಲ್ಯಾಟಿನ್ ಮೇಷ್ಟ್ರನ್ನು ಕರೆದರು. ಅವರು ಬಂದವರೇ ಅನುವಾದ ಶುರು ಮಾಡಲಿಲ್ಲ. ಒಂದು ಮಧ್ಯಾಹ್ನವಿಡೀ ಕೂತು, ಇದ್ದದ್ದನ್ನು ಇದ್ದಂತೆ, ಅಕ್ಷರಕ್ಕೆ ಅಕ್ಷರ ನಕಲು ಮಾಡಿಕೊಂಡರು. ಅನುಮಾನ ಇದ್ದ ಕಡೆ ಚುಕ್ಕೆ ಇಟ್ಟರು. ಅರ್ಥ ಆಮೇಲೆ. ಇಂಥ ಸಹಾಯ ಯಾರನ್ನೇ ಕೇಳಿ, ಮೊದಲು ಈ ನಕಲನ್ನೇ ಕೇಳಿ. ಅನುವಾದದಲ್ಲಿ ತಪ್ಪಾದರೆ ನಕಲು ನೋಡಿ ಇನ್ನೊಬ್ಬರು ತಿದ್ದಬಹುದು. ನಕಲೇ ಇಲ್ಲದಿದ್ದರೆ ತಪ್ಪು ಹಾಗೇ ಉಳಿಯುತ್ತದೆ.

ಅವರು ಹೇಳಿದ ಮೇಲೆ ತಿಳಿಯಿತು. ಆ ದಪ್ಪ ಅಕ್ಷರದ ವಿಲ್ಹೆಲ್ಮ್ ಪ್ರಷ್ಯಾದ ರಾಜ. ಬರ್ಲಿನ್ ಆಗ ಆ ರಾಜ್ಯದ ರಾಜಧಾನಿ. ವಿಶ್ವವಿದ್ಯಾಲಯದ ಹೆಸರಿನಲ್ಲೂ 'ಫ್ರಿದೆರಿಕಾ ಗುಯಿಲೆಲ್ಮಾ' ಇದೆ. ಪದವಿ ಪತ್ರದಲ್ಲಿ ಮೊದಲು ರಾಜ, ಆಮೇಲೆ ರೆಕ್ಟರ್ ಅಂದರೆ ವಿಶ್ವವಿದ್ಯಾಲಯದ ಮುಖ್ಯಸ್ಥರು, ಆಮೇಲೆ ಡೀನ್. ಪದವಿ ಪಡೆದ ಹುಡುಗ ಬರುವುದು ಅವರೆಲ್ಲ ಆದ ಮೇಲೆ. ನಮ್ಮ ಹಳೇ ಲಗ್ನಪತ್ರಿಕೆ ನೆನಪಾಯಿತು. ಕುಲದೇವರು, ಹಿರಿಯರು ಎಲ್ಲ ಮುಗಿದ ಮೇಲೆ ತಾನೇ 'ಚಿ. ರಾ.' ಬರುವುದು? ಮುತ್ತಜ್ಜನ ಹಿಂದೆ ಮುಂದೆ ಇದ್ದ 'ಬಹು ಪ್ರಸಿದ್ಧ, ಮಹಾ ವಿದ್ವಾಂಸ' ಎಂಬ ಮಾತುಗಳೂ ಹಾಗೇ, ಎಲ್ಲರಿಗೂ ಹಾಕುವ ಬಿರುದು. ನಿಜವಾಗಿ ಹೇಗೆ ಪಾಸಾದರು ಅಂತ ತಿಳಿಯಬೇಕಾದರೆ 'ರೀತೆ' (ಸುಮ್ಮನೆ ಪಾಸು), 'ಕುಮ್ ಲೌದೆ' (ಹೊಗಳಿಕೆಯೊಂದಿಗೆ), 'ಸುಮ್ಮಾ ಕುಮ್ ಲೌದೆ' (ಅತಿ ಹೆಚ್ಚಿನ ಹೊಗಳಿಕೆಯೊಂದಿಗೆ) ಇಂಥ ಒಂದೆರಡು ಮಾತುಗಳನ್ನು ಹುಡುಕಬೇಕು.

ಇನ್ನೊಂದು ವಿಷಯ ಕೇಳಿ ನನಗೆ ಖುಷಿಯೇ ಆಯಿತು. ಲ್ಯಾಟಿನ್ನಿನಲ್ಲಿ ಹೆಸರಿಗೂ ವಿಭಕ್ತಿ ಹತ್ತುತ್ತದೆ. ಯೊಹಾನ್ನೆಸ್ ಅಂದರೆ ಯೊಹಾನ್ನೆಸನು. ಯೊಹಾನ್ನಿ ಅಂದರೆ ಅವನಿಗೆ. ಯೊಹಾನ್ನೆಮ್ ಅಂದರೆ ಅವನನ್ನು. ಮೂರೂ ಬೇರೆ ಬೇರೆ ಮನುಷ್ಯರು ಅಂತ ಪಟ್ಟಿ ಮಾಡಿಕೊಂಡವರು ಎಷ್ಟೋ ಜನ ಅಂತ ಮೇಷ್ಟ್ರು ಹೇಳಿದರು. ರಾಮನು, ರಾಮನಿಗೆ, ರಾಮನನ್ನು ಅಂತ ಕಲಿತ ನಮಗೆ ಇದು ಕೂಡಲೇ ಹೊಳೆಯುತ್ತದೆ, ಅಲ್ವಾ?

ಮನೆತನದ ಹೆಸರುಗಳನ್ನೂ ವಿದ್ಯಾವಂತರು ಲ್ಯಾಟಿನ್ನಿಗೆ ತಿರುಗಿಸಿಕೊಳ್ಳುತ್ತಿದ್ದರು. ಬೌವರ್ ಅಂದರೆ ರೈತ, ಅವನು ಅಗ್ರಿಕೋಲಾ ಆದ. ನೇಕಾರ ವೇಬರ್ ಟೆಕ್ಸ್ಟರ್ ಆದ. ಕವಿ ಗಯಟೆಯ ತಾಯಿಯ ಮನೆತನ ಟೆಕ್ಸ್ಟರ್. ಅವರ ಹಿರಿಯರು ವೇಬರ್‌ಗಳು. ಊರುಗಳದ್ದೂ ಇದೇ ಕಥೆ. ಲುಗ್ದುನುಮ್ ಅಂದರೆ ಫ್ರಾನ್ಸಿನ ಲಿಯೋನ್. ಅದಕ್ಕೇ 'ಬತಾವೋರುಮ್' ಸೇರಿದರೆ ಹಾಲೆಂಡಿನ ಲೈಡನ್! ಒಂದು ಪದ ಬಿಟ್ಟು ಫೋಟೋ ಕಳಿಸಿದರೆ ದೇಶವೇ ಬದಲಾಗಿಬಿಡುತ್ತದೆ. ಅದಕ್ಕೇ ಸಹಾಯ ಕೇಳುವಾಗ ಇಡೀ ಪುಟದ ಚಿತ್ರ ಕೊಡಬೇಕು. ಅಂಚು, ಮುದ್ರೆ, ಹಿಂಬದಿಯ ಬರಹ ಎಲ್ಲ. ನಿಮಗೆ ಗೊತ್ತಿರುವ ಊರು, ಇಸವಿ, ಧರ್ಮ, ಕಸುಬನ್ನೂ ಹೇಳಬೇಕು. ಸುಮ್ನೆ 'ಇದರಲ್ಲಿ ಏನಿದೆ' ಅಂದರೆ ಓದುವವರಿಗೆ ಕಷ್ಟ.

ಇನ್ನೂ ಹಿಂದಿನ ಕಾಲದವರನ್ನು ಹುಡುಕುವವರಿಗೆ ದಾಖಲಾತಿ ಪುಸ್ತಕಗಳಿವೆ. ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ನಮ್ಮ ಮೊಗ್ಲಿಂಗ್ ಓದಿದ, ನಿಘಂಟಿನ ಕಿಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟ ಟ್ಯೂಬಿಂಗನ್ ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಇಂಥ ಹಳೇ ವಿಶ್ವವಿದ್ಯಾಲಯಗಳಲ್ಲಿ ಸೇರಿದವನ ಹೆಸರು, ಊರು ಬರೆದು, ಕೊಟ್ಟ ಶುಲ್ಕವನ್ನೂ ಬರೆಯುತ್ತಿದ್ದರು. ಕೆಲವರ ಮುಂದೆ 'ಪೌಪೆರ್' ಅಂತಿರುತ್ತದೆ. ಬಡವ ಅಂತ ಅರ್ಥ. ಬಡವನೆಂದು ಶುಲ್ಕ ಬಿಟ್ಟಿದ್ದಾರೆ. ಆ ಒಂದು ಪದ ಒಂದು ಮನೆಯ ಅಂದಿನ ಸ್ಥಿತಿಯನ್ನು ಹೇಳುತ್ತದೆ.

ಹದಿನೆಂಟನೇ ಶತಮಾನದ ಪದವಿ ಪ್ರಬಂಧ ಸಿಕ್ಕಿದರೆ ಅವಸರ ಬೇಡ. ಅದರಲ್ಲಿ 'ಪ್ರೇಸೆಸ್' ಅಂತ ಒಬ್ಬರು, 'ರೆಸ್ಪೊಂದೆನ್ಸ್' ಅಂತ ಇನ್ನೊಬ್ಬರು. ಅಧ್ಯಕ್ಷತೆ ವಹಿಸಿದ ಗುರುವೇ ಎಷ್ಟೋ ಸಲ ಬರೆದವನು. ಶಿಷ್ಯ ಅದನ್ನು ಸಭೆಯಲ್ಲಿ ಸಮರ್ಥಿಸಿದವನು. ಸ್ವೀಡನ್ನಿನ ಉಪ್ಸಾಲಾದಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಹೀಗೆ 186 ಪ್ರಬಂಧಗಳಿಗೆ ಅಧ್ಯಕ್ಷರಾಗಿದ್ದರು.

ನಮ್ಮ ಬೀಗರ ಮನೆಯಲ್ಲೂ ಅಟ್ಟದ ಪೆಟ್ಟಿಗೆಯಲ್ಲಿ ಮುತ್ತಜ್ಜನ ಪ್ರಬಂಧ ಸಿಕ್ಕಿತು. ಮೂವತ್ತು ಪುಟದ ತೆಳ್ಳನೆ ಪುಸ್ತಕ. ಯಾವುದೋ ಜ್ವರದ ಬಗ್ಗೆ. ಅದನ್ನು ಯಾರು ಓದುತ್ತಾರೆ ಅಂತ ಬಿಟ್ಟಿದ್ದರು. ಮೇಷ್ಟ್ರು ನೇರ ಕೊನೆಯ ಪುಟಕ್ಕೆ ಹೋದರು. ಅಲ್ಲಿ 'ವೀಟಾ' ಅಂತ ತಲೆಬರಹ. ಜೀವನ ಅಂತ ಅರ್ಥ. ಬರೆದವನು ತನ್ನ ಹುಟ್ಟು, ಹೆತ್ತವರು, ಧರ್ಮ, ಶಾಲೆ, ಗುರುಗಳನ್ನು ಒಂದು ಪುಟದಲ್ಲಿ ಹೇಳಿಕೊಳ್ಳುವ ಜಾಗ ಅದು. ನನ್ನ ಕೇಳಿದರೆ, ಗೋಡೆಯ ಮೇಲಿನ ಪತ್ರಕ್ಕಿಂತ ಈ ಪುಟವೇ ಜಾಸ್ತಿ ಬೆಲೆಯುಳ್ಳದ್ದು.

ಹುಟ್ಟಿದ ದಿನ 'ಜನವರಿಯ ಕಾಲೆಂದೆಗೆ ಹನ್ನೆರಡನೆಯ ದಿನ' ಅಂತ ರೋಮನ್ ಲೆಕ್ಕದಲ್ಲಿತ್ತು. ಕಾಲೆಂದೆ ಅಂದರೆ ತಿಂಗಳ ಒಂದನೇ ತಾರೀಖು. ಅದನ್ನೂ ಸೇರಿಸಿಕೊಂಡು ಹಿಂದಕ್ಕೆ ಎಣಿಸಿದರೆ ಡಿಸೆಂಬರ್ 21! ಹಿಂದೆ ಯಾರೋ ಇದನ್ನು ಜನವರಿ 12 ಅಂತ ಮನೆಯ ಬೈಬಲ್ಲಿನಲ್ಲಿ ಬರೆದಿಟ್ಟಿದ್ದರು. ಚರ್ಚಿನ ಪುಸ್ತಕದಲ್ಲಿ ಜನವರಿಯಲ್ಲಿ ಹುಡುಕಿದರೆ ಹೇಗೆ ಸಿಗಬೇಕು? ಹಳೇ ಬರಹದಲ್ಲಿ '7ಬ್ರಿಸ್' ಅಂತಲೂ ಇರುತ್ತದೆ. ಅದು ಏಳನೇ ತಿಂಗಳಲ್ಲ, ಸೆಪ್ಟೆಂಬರ್. ಸೆಪ್ತೆಮ್, ಓಕ್ತೊ, ನೋವೆಮ್, ದೆಕೆಮ್ ಅಂತ ಮೇಷ್ಟ್ರು ಎಣಿಸಿದಾಗ ನಾನು ಪಕ್ಕದಲ್ಲೇ ಸಪ್ತ, ಅಷ್ಟ, ನವ, ದಶ ಅಂದೆ. ಅವರು ಪೆನ್ನು ಕೆಳಗಿಟ್ಟು ಇನ್ನೊಂದು ಸಲ ಹೇಳಿಸಿಕೊಂಡರು.

ಆಮೇಲೆ ಒಂದು ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನಾದರು. ತಂದೆಯ ಹೆಸರಾದ ಮೇಲೆ ತಾಯಿಯ ಹೆಸರಿತ್ತು. 'ಎ ಗೆಂತೆ' ಅಂತ ಅವಳ ತವರು ಮನೆತನದ ಹೆಸರೂ ಇತ್ತು. ಕೊನೆಗೆ 'ಲುಗೆಯೊ' ಎಂಬ ಒಂದು ಕ್ರಿಯಾಪದ. ಬೇಗ ತೀರಿಹೋದ ಅಮ್ಮನಿಗಾಗಿ ದುಃಖಿಸುತ್ತಿದ್ದೇನೆ ಅಂತ. ಆ ಕಾಲದ ಹುಡುಗರು ಇದೇ ಮಾತನ್ನು ಬರೆಯುವ ರೂಢಿ ಇತ್ತು ಎಂದೂ ಮೇಷ್ಟ್ರು ಹೇಳಿದರು. ಬೀಗಿತ್ತಿ ತಲೆಯಾಡಿಸಿದರು. ಆ ತಾಯಿಯ ಹೆಸರನ್ನು ಅವರು ಕೇಳುತ್ತಿದ್ದದ್ದು ಅದೇ ಮೊದಲು. ವಂಶವೃಕ್ಷದ ಹಾಳೆ ತಂದು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಮೊದಲು ತಾಯಿಯ ಹೆಸರನ್ನೇ ಬರೆದರು.

ನಮಸ್ಕಾರ.