ಪುರುಸೊತ್ತಾದಾಗ ಸೈಕಾಲಜಿ: ಆನ್‌ಲೈನ್ ಪದವಿಗೆ ಸೇರುವ ಮುನ್ನ

(ಉಡುಪಿಯಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ಪಿಯುಸಿ ಮುಗಿಸಿದ ಮಕ್ಕಳಿದ್ದಾರೆ, ಅವರ ತಂದೆತಾಯಿ ಇದ್ದಾರೆ, ಬ್ಯಾಂಕು, ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುತ್ತಲೇ ಇನ್ನೊಂದು ಪದವಿ ಮಾಡುವ ಆಸೆಯವರೂ ಇದ್ದಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: ಮನೆಯಲ್ಲೇ ಕೂತು, ಪುರುಸೊತ್ತಾದಾಗ ಓದಿ, ಸೈಕಾಲಜಿ ಡಿಗ್ರಿ ಮಾಡಬಹುದಾ?

ಉತ್ತರದಲ್ಲಿ ಕಹಿ ಭಾಗವನ್ನು ಮೊದಲು ಹೇಳಿಬಿಡುತ್ತೇನೆ. ಭಾರತದ ಯಾವ ವಿಶ್ವವಿದ್ಯಾಲಯವೂ 2025ರ ಜುಲೈ-ಆಗಸ್ಟ್ ಅವಧಿಯಿಂದ ಮುಂದಕ್ಕೆ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಸೈಕಾಲಜಿಗೆ ಹೊಸಬರನ್ನು ಸೇರಿಸಿಕೊಳ್ಳಬಾರದು ಎಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಸೂಚಿಸಿದೆ. ಆರೋಗ್ಯ ಸಂಬಂಧಿ ವೃತ್ತಿಗಳಿಗಾಗಿ 2021ರಲ್ಲಿ ಒಂದು ರಾಷ್ಟ್ರೀಯ ಕಾಯ್ದೆ ಬಂತು, ಅದರ ಪಟ್ಟಿಯಲ್ಲಿ ಸೈಕಾಲಜಿಸ್ಟ್ ವೃತ್ತಿಯೂ ಸೇರಿದೆ. ಯುಜಿಸಿ ಹಿಡಿದಿರುವುದು ಆ ಎಳೆಯನ್ನು. ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ, ಆಹಾರ ಮತ್ತು ಪೋಷಣೆಯಂಥ ವಿಷಯಗಳಿಗೂ ಇದೇ ಸೂಚನೆ. ಹಲವು ಐಚ್ಛಿಕಗಳಿರುವ ಬಿಎ ಇದ್ದರೆ ಇಡೀ ಬಿಎ ನಿಲ್ಲುವುದಿಲ್ಲ, ಅದರಿಂದ ಸೈಕಾಲಜಿ ಮಾತ್ರ ಹೋಗುತ್ತದೆ. ಹಾಗಾಗಿ ಈಗಲೂ ಯಾರಾದರೂ ಫೋನ್ ಮಾಡಿ ‘ಯುಜಿಸಿ ಅಪ್ರೂವ್ಡ್ ಆನ್‌ಲೈನ್ ಎಂಎ ಸೈಕಾಲಜಿ, ಇವತ್ತೇ ಸೀಟು ಬುಕ್ ಮಾಡಿ’ ಅಂದರೆ, ಯಾವ ಅವಧಿಗೆ ಸಿಕ್ಕಿದ ಅನುಮತಿ ಎಂದು ಕೇಳಿ. ಆಮೇಲೆ ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಆ ವರ್ಷದ ಪಟ್ಟಿ ತೆರೆದು ನೀವೇ ನೋಡಿ. ಹಳೆಯ ವರ್ಷದ ಅನುಮತಿ ಪತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸುವುದು ಕಷ್ಟದ ಕೆಲಸವಲ್ಲ.

ಹಾಗಾದರೆ ಈ ಉಪನ್ಯಾಸ ಯಾರಿಗೆ? ಆ ಸೂಚನೆಗೆ ಮೊದಲೇ ಸೇರಿ ಅರ್ಧದಲ್ಲಿರುವವರಿಗೆ. ವಿದೇಶದ ಆನ್‌ಲೈನ್ ಪದವಿಯ ಯೋಚನೆಯಲ್ಲಿರುವವರಿಗೆ. ಮಂಗಳೂರಿನಲ್ಲೋ ಉಡುಪಿಯಲ್ಲೋ ರೆಗ್ಯುಲರ್ ಕಾಲೇಜಿಗೆ ಹೋಗುತ್ತ ಜತೆಗೆ ಆನ್‌ಲೈನ್ ಕೋರ್ಸುಗಳನ್ನೂ ಮಾಡುವವರಿಗೆ.

‘ಸೆಲ್ಫ್ ಪೇಸ್ಡ್’, ಅಂದರೆ ನಿಮ್ಮದೇ ವೇಗದ ಓದು, ಎಂಬ ಮಾತಿಗೆ ಜಾಹೀರಾತಿನಲ್ಲಿ ಒಂದು ಅರ್ಥ, ನಿಯಮಾವಳಿಯಲ್ಲಿ ಇನ್ನೊಂದು. ನಿಯಮಾವಳಿಯಲ್ಲಿ ಇರುವುದು ಗಂಟೆಗಳ ಲೆಕ್ಕ. ನಮ್ಮ ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಇಗ್ನೋ, ಅಂದರೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಎಂಎ ಸೈಕಾಲಜಿ 64 ಕ್ರೆಡಿಟ್, ಅಂದರೆ 1,920 ಗಂಟೆ. ಕನಿಷ್ಠ ಎರಡು ವರ್ಷದಲ್ಲೇ ಮುಗಿಸಬೇಕಾದರೆ ವಾರಕ್ಕೆ ಹದಿನೆಂಟೂವರೆ ಗಂಟೆ ಬೇಕು, ಗರಿಷ್ಠ ನಾಲ್ಕು ವರ್ಷಕ್ಕೆ ಎಳೆದರೆ ಒಂಬತ್ತು ಗಂಟೆಯ ಮೇಲೆ ಸ್ವಲ್ಪ. 120 ಕ್ರೆಡಿಟ್ಟಿನ ಮೂರು ವರ್ಷದ ಪದವಿಯನ್ನು ಇದೇ ಅಳತೆಯಲ್ಲಿ ಗುಣಿಸಿದರೆ 3,600 ಗಂಟೆ. ಇಂಗ್ಲೆಂಡಿನ ಆನರ್ಸ್ ಪದವಿ 360 ಕ್ರೆಡಿಟ್, ಅಲ್ಲಿ ಒಂದು ಕ್ರೆಡಿಟ್ಟಿಗೆ 10 ಗಂಟೆ. ಗುಣಿಸಿ ನೋಡಿ, ಅದೇ 3,600. ಅಮೆರಿಕದಲ್ಲಿ 120 ಕ್ರೆಡಿಟ್ ಎಂದಾಗ ‘ನಮ್ಮಷ್ಟೇ’ ಅನ್ನಿಸುತ್ತದೆ. ಆದರೆ ಅಲ್ಲಿ ಒಂದು ಕ್ರೆಡಿಟ್ಟಿಗೆ ಸುಮಾರು ಹದಿನೈದು ವಾರ, ವಾರಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಸ್ವಂತ ಓದು. ಒಟ್ಟು ಸುಮಾರು 5,400 ಗಂಟೆ ಆಗುತ್ತದೆ. ವೇಗ ನಿಮ್ಮದು ನಿಜ, ದೂರ ಮಾತ್ರ ಅವರು ಅಳೆದದ್ದು.

ಉಡುಪಿಯಿಂದ ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವರು ‘ದಾರಿಯಲ್ಲೇ ಓದುತ್ತೇನೆ’ ಅನ್ನುತ್ತಾರೆ. ಉಪನ್ಯಾಸದ ಆಡಿಯೋ ಕೇಳಲು ಬಸ್ಸು ಸಾಕು. ಸ್ಟಾಟಿಸ್ಟಿಕ್ಸ್‌ಗೆ ಸಾಲದು. ಟಿ-ಟೆಸ್ಟು, ಅನೋವಾ, ಕೈ-ಸ್ಕ್ವೇರು ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆಗಳನ್ನು ಕೈಯಲ್ಲಿ ಪೆನ್ನು ಹಿಡಿದೇ ಕಲಿಯಬೇಕು. ಈ ಪದವಿಯನ್ನು ನಡುವೆ ಬಿಡುವವರಿಗೆ ಮುಳ್ಳಾಗುವುದು ಫ್ರಾಯ್ಡ್ ಅಲ್ಲ, ಸ್ಟಾಂಡರ್ಡ್ ಡೀವಿಯೇಷನ್. ಮನಸ್ಸಿನ ವಿಷಯ ಓದಲು ಬಂದವರು ಮೊದಲ ವರ್ಷವೇ ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರ ಕಂಡು ಗಾಬರಿಯಾಗುತ್ತಾರೆ, ‘ಇದನ್ನು ಕೊನೆಗೆ ನೋಡುವ’ ಎಂದು ಪಕ್ಕಕ್ಕಿಡುತ್ತಾರೆ. ಸೆಲ್ಫ್ ಪೇಸ್ಡ್ ಕೋರ್ಸಿನಲ್ಲಿ ಹಾಗೆ ಪಕ್ಕಕ್ಕಿಡಲು ಯಾರ ಅಡ್ಡಿಯೂ ಇಲ್ಲ, ಅಪಾಯ ಇರುವುದೂ ಅಲ್ಲೇ. ಅದನ್ನೇ ಮೊದಲು ತೆಗೆದುಕೊಳ್ಳಿ. ಲೆಕ್ಕಕ್ಕೆ ಜಮೋವಿ, ಜಾಸ್ಪ್ ಎಂಬ ಉಚಿತ ಸಾಫ್ಟ್‌ವೇರ್‌ಗಳಿವೆ, ಎಸ್‌ಪಿಎಸ್‌ಎಸ್‌ಗೆ ದುಡ್ಡು ಸುರಿಯಬೇಕಿಲ್ಲ. ಆದರೆ ಪ್ರತಿ ಪರೀಕ್ಷೆಯನ್ನೂ ಒಮ್ಮೆ ಹತ್ತು ಜನರ ಸಣ್ಣ ಅಂಕಿಪಟ್ಟಿಯಲ್ಲಿ ಕೈಯಿಂದ ಮಾಡಿ, ಆಮೇಲೆ ಕಂಪ್ಯೂಟರಿಗೆ ಹೋಗಿ.

ಗಡುವಿನ ವಿಚಾರದಲ್ಲಿ ಸೈಕಾಲಜಿಯೇ ಕೊಡುವ ಪುರಾವೆಯೊಂದಿದೆ. 2002ರಲ್ಲಿ ಡ್ಯಾನ್ ಏರಿಯಲಿ ಮತ್ತು ಕ್ಲೌಸ್ ವರ್ಟೆನ್‌ಬ್ರೋಕ್ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಕೆಲಸವನ್ನು ಮೂರು ಗುಂಪಿಗೆ ಕೊಟ್ಟರು. ಒಂದು ಗುಂಪಿಗೆ ಸಮಾನ ಅಂತರದ ಗಡುವು, ಒಂದಕ್ಕೆ ತಾವೇ ಗಡುವು ಹಾಕಿಕೊಳ್ಳುವ ಸ್ವಾತಂತ್ರ್ಯ, ಇನ್ನೊಂದಕ್ಕೆ ಕೊನೆಯಲ್ಲಿ ಒಂದೇ ದಿನ. ಹೊರಗಿನಿಂದ ಸಮಾನ ಗಡುವು ಬಿದ್ದವರದ್ದು ಎಲ್ಲರಿಗಿಂತ ಉತ್ತಮ ಕೆಲಸ, ತಾವೇ ಹಾಕಿಕೊಂಡವರದ್ದು ನಡುವೆ, ಕೊನೆಯ ದಿನದವರದ್ದು ಎಲ್ಲಕ್ಕಿಂತ ಕಳಪೆ. ಸೆಲ್ಫ್ ಪೇಸ್ಡ್ ಕೋರ್ಸು ನಿಮ್ಮನ್ನು ಕೂರಿಸುವುದು ಆ ಮೂರನೇ ಗುಂಪಿನಲ್ಲಿ. ಅಲ್ಲಿಂದ ಎರಡನೆಯದಕ್ಕೆ ದಾಟುವುದು ನಿಮ್ಮ ಕೈಯಲ್ಲಿದೆ. ಮೊದಲನೆಯದಕ್ಕೆ ಹೋಗಬೇಕಾದರೆ ನಿಮ್ಮ ಗಡುವನ್ನು ಹಿಡಿದು ಕೇಳುವ ಇನ್ನೊಬ್ಬರು ಬೇಕು: ಸಹಪಾಠಿ, ಅಕ್ಕ, ಯಾರಾದರೂ.

ಓದುವ ಕ್ರಮದ ಬಗ್ಗೆ ಇನ್ನೊಂದೇ ಮಾತು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ತೋರಿಸಿದಂತೆ, ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದ ಮೇಲೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ 56 ಶೇಕಡಾ ನೆನಪಿತ್ತು, ಮತ್ತೆ ಓದಿದವರಿಗೆ 42. ವಿಡಿಯೋ ಎರಡನೇ ಸಲ ನೋಡುವ ಬದಲು ಖಾಲಿ ಹಾಳೆ ತೆಗೆದುಕೊಳ್ಳಿ.

ಈಗ ಪ್ರಾಕ್ಟಿಕಲ್. ಜಾಹೀರಾತುಗಳು ಬಾಯಿಬಿಡದ ಭಾಗ ಇದು, ನನ್ನ ಮಟ್ಟಿಗೆ ಈ ಪದವಿಯ ಜೀವವೂ ಇದೇ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಶುರುವಾದ ಸೈಕಾಲಜಿ ವಿಭಾಗವನ್ನು ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಆರಂಭಿಸಿದವರು. ದೂರದಿಂದ ದನಿ ಮುಟ್ಟಿಸುವುದಕ್ಕೂ ಸೈಕಾಲಜಿಗೂ ನಮ್ಮ ರಾಜ್ಯದಲ್ಲಿ ಅಷ್ಟು ಹಳೆಯ ನಂಟು. ಆದರೆ ಅವರೂ ಪ್ರಯೋಗಾಲಯವನ್ನು ರೇಡಿಯೋದಲ್ಲಿ ನಡೆಸಲಿಲ್ಲ.

ಒಂದು ಪ್ರಯೋಗ ನೋಡುವ: ಮ್ಯುಲರ್-ಲೈಯರ್ ಭ್ರಮೆ, ಅಂದರೆ ತುದಿಯ ರೆಕ್ಕೆಗಳಿಂದಾಗಿ ಸಮ ಗೆರೆಗಳು ಉದ್ದ-ಗಿಡ್ಡವಾಗಿ ಕಾಣುವುದು. ಎರಡು ರಟ್ಟು, ಒಂದು ಸ್ಕೇಲು ಇದ್ದರೆ ಮನೆಯಲ್ಲೇ ಆಗುತ್ತದೆ. ಹೊರಗಿನ ರಟ್ಟಿನ ಮೇಲೆ 10 ಸೆಂ.ಮೀ. ಗೆರೆ, ಅದರ ಎರಡು ತುದಿಗೂ ಒಳಕ್ಕೆ ಮಡಚಿದ ಬಾಣದ ರೆಕ್ಕೆ. ಒಳಗಿನಿಂದ ಜಾರುವ ಪಟ್ಟಿಯ ಮೇಲೆ ಇನ್ನೊಂದು ಗೆರೆ, ಅದರ ರೆಕ್ಕೆಗಳು ಹೊರಕ್ಕೆ ತೆರೆದವು. ಪಟ್ಟಿಯ ಹಿಂಬದಿಗೆ ಮಿಲಿಮೀಟರ್ ಗುರುತು. ಎದುರಿಗಿರುವವರು ಎರಡೂ ಗೆರೆ ಸಮ ಅನ್ನಿಸಿದಲ್ಲಿ ಪಟ್ಟಿ ನಿಲ್ಲಿಸಬೇಕು. ಹೊರಕ್ಕೆ ತೆರೆದ ಗೆರೆ ಉದ್ದವಾಗಿ ಕಾಣುವುದರಿಂದ 10 ಸೆಂ.ಮೀ. ಮುಟ್ಟುವ ಮೊದಲೇ ನಿಲ್ಲಿಸಿಬಿಡುತ್ತಾರೆ. 40 ಸಲ ಮಾಡಿಸಿ: 20 ಸಲ ಗಿಡ್ಡದಿಂದ ಉದ್ದಕ್ಕೆ, 20 ಸಲ ಉದ್ದದಿಂದ ಗಿಡ್ಡಕ್ಕೆ, ಎರಡರಲ್ಲೂ ಅರ್ಧ ಎಡಗಡೆ, ಅರ್ಧ ಬಲಗಡೆ. ಎಳೆಯುವ ದಿಕ್ಕಿನಿಂದಲೂ ಗೆರೆ ಇರುವ ಬದಿಯಿಂದಲೂ ಬರುವ ದೋಷಗಳು ಸರಿದೂಗಲು ಈ ಹಂಚಿಕೆ. 10 ಸೆಂ.ಮೀ.ಯಿಂದ ಸರಾಸರಿಯನ್ನು ಕಳೆದರೆ ಭ್ರಮೆಯ ಪ್ರಮಾಣ ಸಿಗುತ್ತದೆ.

ಎಲ್ಲಿ ಕೆಡುತ್ತದೆ? ನಡುವೆ ‘ಸರಿಯಾಯ್ತು, ಹಾಗೇ ಮಾಡಿ’ ಅಂದುಬಿಡುತ್ತೇವೆ. ಅಲ್ಲಿಗೆ ಪ್ರಯೋಗ ಮುಗಿಯಿತು, ಆಮೇಲೆ ನಡೆಯುವುದು ತರಬೇತಿ. ಎಲ್ಲ ಪ್ರಯೋಗಕ್ಕೂ ಒಬ್ಬನೇ ತಮ್ಮನನ್ನು ಕೂರಿಸುತ್ತೇವೆ. ನಾಲ್ಕನೆಯದರ ಹೊತ್ತಿಗೆ ಅವನಿಗೆ ನಿಮಗೆ ಬೇಕಾದ ಉತ್ತರ ಗೊತ್ತಾಗಿರುತ್ತದೆ. ಸಲಸಲಕ್ಕೂ ಬರೆದುಕೊಳ್ಳದೆ ಕೊನೆಗೆ ನೆನಪಿನಿಂದ ತುಂಬಿಸುತ್ತೇವೆ. ಇನ್ನು ಕೆಲವರು ಪ್ರಯೋಗವನ್ನೇ ಮಾಡದೆ ಅಂಕಿ ಬರೆಯುತ್ತಾರೆ. ಮೌಖಿಕ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದು ಅಂಕಿಗಳು ತೀರ ಚಂದ ಇರುವುದರಿಂದ. ಕೂತು ಹುಟ್ಟಿಸಿದ ನಲವತ್ತು ಅಂಕಿಗಳಲ್ಲಿ ನಿಜವಾದ ಕೈಯ ಏರಿಳಿತ ಇರುವುದಿಲ್ಲ.

ಭಾಷೆಯ ತೊಡಕು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಹೆಚ್ಚು. ಪ್ರಶ್ನಾವಳಿ ಇಂಗ್ಲಿಷಿನಲ್ಲಿ ಬರುತ್ತದೆ, ಎದುರಿಗಿರುವವರು ತುಳುವೋ ಕೊಂಕಣಿಯೋ ಬ್ಯಾರಿಯೋ ಮಾತಾಡುತ್ತಾರೆ. ‘ಕಳೆದ ಎರಡು ವಾರದಲ್ಲಿ ಮನಸ್ಸು ಕುಗ್ಗಿತ್ತೇ’ ಎಂಬುದನ್ನು ನೀವು ಅಲ್ಲೇ ‘ಬೇಜಾರಿತ್ತಾ’ ಎಂದು ಕೇಳುತ್ತೀರಿ. ಬೇಜಾರು ಅಂದರೆ ನಮ್ಮಲ್ಲಿ ದುಃಖವೂ ಹೌದು, ಹೊತ್ತು ಹೋಗದಿರುವುದೂ ಹೌದು, ಯಾರ ಮೇಲೋ ಮುನಿಸೂ ಹೌದು. ‘ತಲೆಬಿಸಿ’ ಅಂದರೆ ಚಿಂತೆ, ಕೆಲವರಿಗೆ ಸಿಟ್ಟು. ತುಳುವಿನ ‘ಮಂಡೆಬೆಚ್ಚ’ಕ್ಕೂ ಇದೇ ಪಾಡು. ನೀವು ಬದಲಿಸಿ ಕೇಳಿದ ಪದಕ್ಕೆ ಬಂದ ಉತ್ತರವನ್ನು ಮೂಲ ಪ್ರಶ್ನೆಯ ಮಾನದಂಡಕ್ಕೆ, ಅಂದರೆ ಅದಕ್ಕೆ ಹಲವರು ಕೊಟ್ಟ ಉತ್ತರಗಳಿಂದ ಕಟ್ಟಿದ ಅಳತೆಗೆ, ಹೋಲಿಸುವಂತಿಲ್ಲ. ಅನುವಾದ ಮಾಡಿ, ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಎರಡನ್ನೂ ಹೋಲಿಸಿ, ಆ ಮೇಲೂ ಸ್ಥಳೀಯ ಮಾನದಂಡ ಬೇರೆಯೇ ಬೇಕಾಗುತ್ತದೆ. ಪ್ರಾಜೆಕ್ಟಿಗೆ ವಿಷಯ ಹುಡುಕುವವರು ಇದನ್ನು ಬಿಟ್ಟು ದೂರದ ವಿಷಯಗಳ ಹಿಂದೆ ಹೋಗುವುದೇಕೋ ಗೊತ್ತಿಲ್ಲ.

ಅಂಕಗಳ ವಿಷಯ ಚುಟುಕಾಗಿ. ನಮ್ಮ ದೂರಶಿಕ್ಷಣದಲ್ಲಿ ಥಿಯರಿಗೆ ಸಾಮಾನ್ಯವಾಗಿ ಅಸೈನ್‌ಮೆಂಟಿಗೆ 30, ಕೊನೆಯ ಪರೀಕ್ಷೆಗೆ 70. ಇಗ್ನೋದಲ್ಲಿ ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ. ಜೂನ್ ಅಂದರೆ ಇಲ್ಲಿ ಮಳೆ ಹಿಡಿಯುವ ಹೊತ್ತು. ಕೇಂದ್ರದಲ್ಲಿ ಕೂತು ಬರೆಯುವವರಿಗೆ ಕೊಡೆ ಸಾಕು. ಮನೆಯಿಂದಲೇ ಕ್ಯಾಮೆರಾ ಎದುರು ಬರೆಯುವ ವಿದೇಶಿ ಪರೀಕ್ಷೆಯವರು ಲ್ಯಾಪ್‌ಟಾಪಿನ ಬ್ಯಾಟರಿಯನ್ನಷ್ಟೇ ನಂಬಬಾರದು, ಕರೆಂಟು ಹೋದಾಗ ಮೊದಲು ಆರುವುದು ವೈಫೈ ರೂಟರು. ರೂಟರಿಗೊಂದು ಸಣ್ಣ ಯುಪಿಎಸ್, ಜತೆಗೆ ಬೇರೆ ಕಂಪನಿಯ ಸಿಮ್‌ನ ಹಾಟ್‌ಸ್ಪಾಟ್ ಇರಲಿ. ಪರೀಕ್ಷೆಯ ಹೊತ್ತಿನಲ್ಲಿ ಮೊಬೈಲನ್ನು ಕೋಣೆಯಲ್ಲಿ ಇಡಬಹುದೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ತುರ್ತಿಗೆಂದು ಇಟ್ಟ ಹಾಟ್‌ಸ್ಪಾಟೇ ನಕಲಿನ ಸಂಶಯಕ್ಕೆ ಕಾರಣವಾದೀತು.

ವಿದೇಶಿ ಪದವಿಗಳಲ್ಲಿ ನಿಜವಾದ ಸೆಲ್ಫ್ ಪೇಸ್ಡ್ ಮಾದರಿಯೂ ಇದೆ. ಅಮೆರಿಕದ ಕಪೆಲ್ಲಾ ವಿಶ್ವವಿದ್ಯಾಲಯದ ಫ್ಲೆಕ್ಸ್‌ಪಾತ್‌ನಲ್ಲಿ ವಾರದ ಗಡುವಿಲ್ಲ. ಶುಲ್ಕ 12 ವಾರದ ಒಂದೊಂದು ಅವಧಿಗೆ ಇಂತಿಷ್ಟು ಎಂದು ನಿಗದಿ, ಒಮ್ಮೆಗೆ ಎರಡು ಕೋರ್ಸು ಹಿಡಿಯಬಹುದು, ಮುಗಿಸಿದರೆ ಅದೇ ದುಡ್ಡಿನಲ್ಲಿ ಮುಂದಿನದು. ಬೇಗ ಮುಗಿಸುವವರಿಗೆ ಲಾಭ. ನಿಧಾನಿಗರು ಅದೇ ಕೋರ್ಸಿಗೆ ಎರಡೆರಡು ಅವಧಿಯ ಶುಲ್ಕ ಕಟ್ಟಬೇಕಾಗುತ್ತದೆ. ಇಂಥ ಮಾದರಿಗಳಲ್ಲಿ ಪರೀಕ್ಷೆಯ ಬದಲು ಬರೆದು ಒಪ್ಪಿಸುವ ಕೆಲಸಗಳೇ ಹೆಚ್ಚು. ಮೌಲ್ಯಮಾಪಕರು ತಿದ್ದಲು ಹೇಳಿ ವಾಪಸು ಕಳಿಸುತ್ತಾರೆ, ಆ ಕಾಯುವ ದಿನಗಳೂ ನಿಮ್ಮ 12 ವಾರದೊಳಗೇ ಕಳೆಯುತ್ತವೆ. ಆದ್ದರಿಂದ ಮೊದಲ ಬರಹವನ್ನು ಮೊದಲ ವಾರವೇ ಕಳಿಸಿ. ಉಲ್ಲೇಖ ಬರೆಯುವ ಎಪಿಎ ಶೈಲಿಯನ್ನು ಸೇರುವ ಮುಂಚೆಯೇ ಕಲಿತಿಟ್ಟುಕೊಳ್ಳಿ, ಬೇರೆಯವರ ವಾಕ್ಯ ಎತ್ತಿದ ಆಪಾದನೆ ಬರುವುದು ಬಹುಪಾಲು ಉದ್ದೇಶದಿಂದಲ್ಲ, ಉಲ್ಲೇಖ ಬಿಟ್ಟುಹೋದದ್ದರಿಂದ.

ಪದವಿ ಸಿಕ್ಕಿತು. ಬೋರ್ಡು ಹಾಕಬಹುದಾ? ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹಾಕುವಂತಿಲ್ಲ. ಆ ಹೆಸರಿಗೆ ಯಾರು ಅರ್ಹರು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ: ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿಯ ಅರ್ಹತೆ, ಅಥವಾ ಸೈಕಾಲಜಿಯ ಸ್ನಾತಕೋತ್ತರ ಪದವಿಯ ಮೇಲೆ, ಮಾರ್ಗದರ್ಶಕರ ಕಣ್ಣೆದುರಿನ ತರಬೇತಿ ಇರುವ ಎರಡು ವರ್ಷದ ಪೂರ್ಣಾವಧಿ ಎಂಫಿಲ್. ಬೆಂಗಳೂರಿನ ನಿಮ್ಹಾನ್ಸ್, ಇಲ್ಲೇ ಪಕ್ಕದ ಮಣಿಪಾಲದಂಥ ಕಡೆ ಈ ತರಬೇತಿ ಬೆಳೆದಿರುವುದು ವಾರ್ಡಿನಲ್ಲಿ, ಮಂಚದ ಪಕ್ಕದಲ್ಲಿ. ಪುರುಸೊತ್ತಾದಾಗ ಮಾಡುವ ಕೆಲಸವೇ ಅಲ್ಲ ಅದು. ಎಚ್‌ಆರ್, ಶಿಕ್ಷಣ, ಸಂಶೋಧನಾ ಸಹಾಯಕರ ಕೆಲಸಗಳಿಗೆ ಪದವಿ ಉಪಯೋಗಕ್ಕೆ ಬರುತ್ತದೆ, ಈಗಾಗಲೇ ಶಿಕ್ಷಕರಾಗಿದ್ದವರಿಗೆ ತರಗತಿಯೇ ಬೇರೆಯಾಗಿ ಕಾಣುತ್ತದೆ. ಅಷ್ಟು ಸಾಕು ಎಂದಾದರೆ ಓದಿ.

ಲಕ್ಷಗಟ್ಟಲೆ ಕಟ್ಟುವ ಮೊದಲು ಸಣ್ಣದರಲ್ಲಿ ನಿಮ್ಮನ್ನೇ ಪರೀಕ್ಷಿಸಿಕೊಳ್ಳಿ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಜಾಲತಾಣದಲ್ಲಿ ಐಐಟಿಗಳ ಸೈಕಾಲಜಿ ಕೋರ್ಸುಗಳಿವೆ, ಸೇರಲು ದುಡ್ಡಿಲ್ಲ. 12 ವಾರದ ಕೋರ್ಸಿನಲ್ಲಿ ವಾರಕ್ಕೊಂದು ಅಸೈನ್‌ಮೆಂಟ್, ಅವುಗಳಲ್ಲಿ ಉತ್ತಮ ಎಂಟಕ್ಕೆ 25 ಅಂಕ, ಕೇಂದ್ರದಲ್ಲಿ ಬರೆಯುವ ಪರೀಕ್ಷೆಗೆ 75. ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷಾ ಶುಲ್ಕ. ಆ ಹನ್ನೆರಡು ವಾರದಲ್ಲಿ ಎಷ್ಟು ಅಸೈನ್‌ಮೆಂಟನ್ನು ಕೊನೆಯ ರಾತ್ರಿ ಹನ್ನೊಂದು ಗಂಟೆಗೆ ಹಾಕಿದಿರಿ ಎಂದು ಎಣಿಸಿ. ಆರು ದಾಟಿದರೆ, ಗಡುವೇ ಇಲ್ಲದ ಪದವಿ ನಿಮಗೆ ಆಗಿಬರುವುದು ಕಷ್ಟ, ರೆಗ್ಯುಲರ್ ಕಾಲೇಜು ನೋಡಿ.

ವಿದೇಶಿ ವಿಶ್ವವಿದ್ಯಾಲಯಕ್ಕಾದರೆ ಸೇರುವ ಮುನ್ನ ಇಮೇಲ್ ಬರೆಯಿರಿ. ಪ್ರಾಕ್ಟಿಕಲ್ ಎಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ? ವಾಪಸು ಬಂದ ಬರಹವನ್ನು ತಿದ್ದಿ ಕೊಟ್ಟ ಮೇಲೆ ಮೌಲ್ಯಮಾಪನಕ್ಕೆ ಎಷ್ಟು ದಿನ? ನಡುವೆ ಆರು ತಿಂಗಳು ನಿಲ್ಲಿಸಿದರೆ ಶುಲ್ಕ ಏನಾಗುತ್ತದೆ? ಇಂಗ್ಲೆಂಡಿನದಾದರೆ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಮಾನ್ಯತೆ ನೀವು ಸೇರುವ ಆನ್‌ಲೈನ್ ಕೋರ್ಸಿಗೇ ಇದೆಯೇ, ಇಲ್ಲ ಕ್ಯಾಂಪಸ್ಸಿನದ್ದಕ್ಕೆ ಮಾತ್ರವೇ? ಭಾರತದಲ್ಲಿ ತತ್ಸಮಾನ ಪತ್ರ ಸಿಗುತ್ತದೆಯೇ ಎಂಬುದನ್ನು ಮಾತ್ರ ಅವರಲ್ಲಿ ಕೇಳಬೇಡಿ. ವಿದೇಶಿ ಪದವಿಗಳ ತತ್ಸಮಾನಕ್ಕೆ ಯುಜಿಸಿ 2025ರಲ್ಲಿ ಹೊಸ ನಿಯಮಾವಳಿ ತಂದಿದೆ, ಅದನ್ನು ಓದಿ, ಅಲ್ಲಿಗೇ ಬರೆದು ಕೇಳಿ. ಉತ್ತರ ಬರಹದಲ್ಲಿ ಇರಬೇಕು. ಫೋನಿನಲ್ಲಿ ಯಾರೋ ‘ಎಲ್ಲ ಆಗ್ತದೆ’ ಅಂದದ್ದನ್ನು ನಾಳೆ ಯಾವ ಕಚೇರಿಯೂ ಒಪ್ಪುವುದಿಲ್ಲ.

ಇನ್ನು ನೀವು ಕೇಳಿ. ಮಾರ್ಕ್ಸ್ ಕಾರ್ಡು, ಅಡ್ಮಿಷನ್ ಪತ್ರ ತಂದವರು ಮುಂದಿನ ಸಾಲಿಗೆ ಬನ್ನಿ, ಒಂದೊಂದಾಗಿ ನೋಡುವ.